ನಾಯಿ ಇರುವ ಸಂಸಾರಕ್ಕೆ ಬಾಡಿಗೆ ಫ್ಲ್ಯಾಟ್: ಕಾನೂನು ಎಲ್ಲಿಯವರೆಗೆ, ಕರಾರು ಎಲ್ಲಿಂದ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರುತ್ತವೆ. ಎಷ್ಟು ಜನ, ಎಲ್ಲಿ ಕೆಲಸ, ಫ್ಯಾಮಿಲಿನಾ ಬ್ಯಾಚುಲರ್ಸಾ, ವೆಜ್ಜಾ ನಾನ್‌ವೆಜ್ಜಾ. ಕೊನೆಗೆ, ಫೋನ್ ಇಡುವ ಮುಂಚೆ, “ನಾಯಿ ಗೀಯಿ ಏನೂ ಇಲ್ಲ ತಾನೆ?” ಕೇಳುವ ಧಾಟಿಯಲ್ಲೇ ಬೇಕಾದ ಉತ್ತರ ಇರುತ್ತದೆ. ‘ಇದೆ ಸಾರ್’ ಅಂದಿರೋ, ಮನೆ ಆ ಕ್ಷಣಕ್ಕೆ ಬೇರೆಯವರಿಗೆ ಮಾತಾಗಿಬಿಟ್ಟಿರುತ್ತದೆ.

ಒಬ್ಬರೇ ಇರುವವರಿಗೋ ಹೊಸದಾಗಿ ಮದುವೆಯಾದವರಿಗೋ ಹೀಗಾದರೆ ಮುಂದಿನ ಮನೆ ನೋಡಿಕೊಳ್ಳಬಹುದು. ಗಂಡ ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅಜ್ಜಿ, ಇವರೆಲ್ಲರ ಕಾಲ ಬಳಿ ಒಂದು ಲ್ಯಾಬ್ರಡಾರ್ ಇರುವ ಸಂಸಾರಕ್ಕೆ ಅದು ಅಷ್ಟು ಸಲೀಸಲ್ಲ. ಮೂರು ಬೆಡ್‌ರೂಮು ಬೇಕು, ಮಕ್ಕಳ ಶಾಲೆ ಹತ್ತಿರ ಇರಬೇಕು, ಅಜ್ಜಿಗೆ ಲಿಫ್ಟ್ ಬೇಕು, ಬಾಡಿಗೆ ಕೈಗೆಟುಕಬೇಕು. ಇಷ್ಟರಲ್ಲೇ ಪಟ್ಟಿಯಲ್ಲಿ ಉಳಿಯುವ ಮನೆಗಳು ಬೆರಳೆಣಿಕೆಯಷ್ಟು. ನಾಯಿಯ ಪ್ರಶ್ನೆ ಬರುವುದು ಆಮೇಲೆ.

ಈ ಹುಡುಕಾಟದಲ್ಲಿ ಜನ ಎಡವುವುದು ಬಹುಪಾಲು ಒಂದೇ ಜಾಗದಲ್ಲಿ. ‘ಪೆಟ್ ಫ್ರೆಂಡ್ಲಿ’ ಅನ್ನುವುದನ್ನು ಅವರು ಕಟ್ಟಡದ ಗುಣ ಎಂದುಕೊಳ್ಳುತ್ತಾರೆ, ಈಜುಕೊಳ ಇದೆ ಜಿಮ್ ಇದೆ ಎನ್ನುವ ಹಾಗೆ. ನಿಜದಲ್ಲಿ ಬಾಡಿಗೆಗೆ ಬರುವವರಿಗೆ ಮೂರು ಬೇರೆ ಬೇರೆ ಕಡೆಯ ಒಪ್ಪಿಗೆ ಬೇಕು: ಮನೆಯ ಓನರ್‌ದು, ಅಪಾರ್ಟ್‌ಮೆಂಟಿನ ಸಂಘದ್ದು, ಅಕ್ಕಪಕ್ಕದವರದ್ದು. ಕಾನೂನು ನಿಮ್ಮ ಬೆನ್ನಿಗೆ ನಿಲ್ಲುವುದು ಸಂಘದ ವಿಷಯದಲ್ಲಿ ಮಾತ್ರ. ಓನರ್ ಒಪ್ಪಿಗೆಯನ್ನು ಮಾತಾಡಿ ಪಡೆದು ಬರೆಸಿಕೊಳ್ಳಬೇಕು. ಅಕ್ಕಪಕ್ಕದವರದ್ದನ್ನು ಮನೆಗೆ ಬಂದ ಮೇಲೆ ದಿನದಿನವೂ ಗಳಿಸಬೇಕು. ಯಾವ ಬಾಗಿಲಿಗೆ ಯಾವ ಕಾಗದ ಹಿಡಿದು ಹೋಗಬೇಕು ಎನ್ನುವುದು ಗೊತ್ತಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಸಂಘ ಏನು ಹೇಳಬಹುದು, ಏನು ಹೇಳುವಂತಿಲ್ಲ

‘ಅಪಾರ್ಟ್‌ಮೆಂಟಿನಲ್ಲಿ ಸಾಕುಪ್ರಾಣಿ ನಿಷೇಧ ಕಾನೂನುಬಾಹಿರ’ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಅದರ ಮೂಲ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ. ಈ ಮಂಡಳಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಹುಟ್ಟಿದ ಶಾಸನಬದ್ಧ ಸಂಸ್ಥೆ. ಮಾರ್ಗಸೂಚಿ ನಿವಾಸಿಗಳ ಸಂಘಗಳನ್ನು ಉದ್ದೇಶಿಸಿ ಬರೆದದ್ದು. ನಗರಪಾಲಿಕೆಯ ನಿಯಮ ಮೀರದೆ ನಾಯಿ ಸಾಕಿದವರನ್ನು ಸಂಘ ತಡೆಯುವಂತಿಲ್ಲ. ಸಭೆ ಕರೆದು ಬಹುಮತದಿಂದ ಠರಾವು ಮಾಡಿದರೂ ಆಗದು, ಬೈಲಾ, ಅಂದರೆ ಸಂಘದ ನಿಯಮಾವಳಿ, ತಿದ್ದಿದರೂ ಆಗದು. ತಳಿ ದೊಡ್ಡದು ಎಂದು ಒಂದು ನಾಯಿಗೆ ಬೇಡ, ಚಿಕ್ಕದೆಂದು ಇನ್ನೊಂದಕ್ಕೆ ಹೂಂ ಎನ್ನುವಂತಿಲ್ಲ. ಬೊಗಳುತ್ತದೆ ಎನ್ನುವುದು ನಿಷೇಧಕ್ಕೆ ಕಾರಣವಾಗದು. ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ, ಬಳಸಿದ್ದಕ್ಕೆ ಬೇರೆ ಶುಲ್ಕ ಕೇಳುವಂತಿಲ್ಲ. ಆವರಣದ ಪಾರ್ಕಿನಲ್ಲಿ ನಾಯಿ ಓಡಾಡಿಸಲು ಸಮಯ ಗೊತ್ತು ಮಾಡಬಹುದು, ಪೂರ್ತಿ ಬಾಗಿಲು ಹಾಕುವುದು ಸರಿಯಲ್ಲ. ಸಾಕಿದವರಿಗೂ ಅದರಲ್ಲಿ ಮಾತಿದೆ: ಹೊರಗೆ ಕರೆತಂದಾಗ ಬೆಲ್ಟ್ ಇರಲಿ, ನಾಯಿ ಮಾಡಿದ್ದನ್ನು ನೀವೇ ಎತ್ತಿ, ಲಸಿಕೆ ತಪ್ಪಿಸಬೇಡಿ.

‘ಮಾರ್ಗಸೂಚಿ ಅಂದರೆ ಬರೀ ಸಲಹೆ, ನಮ್ಮ ಬೈಲಾನೇ ದೊಡ್ಡದು’ ಎಂದು ವಾದಿಸುವ ಪದಾಧಿಕಾರಿಗಳು ಎಲ್ಲ ಕಡೆ ಇದ್ದಾರೆ. ಅವರಿಗೆ ಹೇಳಬೇಕಾದದ್ದು 2021ರ ನವೆಂಬರಿನ ಕೇರಳ ಹೈಕೋರ್ಟ್ ತೀರ್ಪು. ಸಾಕುಪ್ರಾಣಿ ಇಟ್ಟುಕೊಳ್ಳುವುದನ್ನೇ ನಿಷೇಧಿಸುವ ಬೈಲಾಗಳು ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು ಆ ನ್ಯಾಯಾಲಯ ಹೇಳಿತು. ಕೇರಳದ ತೀರ್ಪು ಕರ್ನಾಟಕದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಇಲ್ಲಿ ಅದನ್ನು ಎತ್ತಿ ತೋರಿಸಿ ವಾದಿಸಬಹುದು. ಜೀವಿಗಳ ಬಗ್ಗೆ ಅನುಕಂಪ ಇರಬೇಕು ಎಂಬ ಸಂವಿಧಾನದ 51ಎ(ಜಿ) ವಿಧಿಯೂ ಈ ವಾದಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ತಳಿಯ ವಿಷಯದಲ್ಲಿ ಕರ್ನಾಟಕದ್ದೇ ಒಂದು ಕಥೆ ಇದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ‘ಉಗ್ರ’ ಎಂದು ಕರೆದು ಅವುಗಳ ಸಾಕಣೆ, ಮಾರಾಟ ನಿಲ್ಲಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೂ ಸಂಘದ ನೋಟಿಸ್ ಬೋರ್ಡಿನಲ್ಲಿ ಆ ಪಟ್ಟಿಯ ಪ್ರಿಂಟ್ ಇನ್ನೂ ನೇತಾಡುತ್ತಿದ್ದರೆ ಆಶ್ಚರ್ಯ ಬೇಡ. ಅದಕ್ಕೂ ಮುಂಚೆ, 2018ರಲ್ಲಿ, ಬಿಬಿಎಂಪಿ ಒಂದು ಫ್ಲ್ಯಾಟಿಗೆ ಒಂದೇ ನಾಯಿ ಎಂಬ ನಿಯಮ ತರಲು ಹೊರಟು, ಊರೆಲ್ಲ ಎದ್ದು ಕೂತ ಮೇಲೆ ಕೈಬಿಟ್ಟಿತ್ತು. ಬಿಬಿಎಂಪಿಯೇ ಈಗ ಐದು ಪಾಲಿಕೆಗಳಾಗಿ ಒಡೆದಿದೆ. ನಿಮ್ಮ ಭಾಗದ ಪಾಲಿಕೆಯಲ್ಲಿ ನಾಯಿಗೆ ಪರವಾನಗಿ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಸಂಘದ ಎದುರು ನಿಮ್ಮ ಬಲವೆಲ್ಲ ‘ಪಾಲಿಕೆಯ ನಿಯಮ ಪಾಲಿಸಿದ್ದೇನೆ’ ಎನ್ನುವ ಮಾತಿನ ಮೇಲೆಯೇ ನಿಂತಿದೆ.

ಓನರ್ ಬೇಡ ಅಂದರೆ?

ಬೇಡ ಅಂದರೆ ಬೇಡ. ಮಾರ್ಗಸೂಚಿ ಸಂಘದ ಕೈಕಟ್ಟುತ್ತದೆ, ಮನೆಯ ಯಜಮಾನರ ಕೈಯನ್ನಲ್ಲ. ತನ್ನ ಮನೆಯನ್ನು ಯಾರಿಗೆ ಕೊಡಬೇಕು, ಯಾವ ಷರತ್ತಿನ ಮೇಲೆ ಕೊಡಬೇಕು ಎನ್ನುವುದು ಇಬ್ಬರ ನಡುವಿನ ಒಪ್ಪಂದದ ವಿಷಯ. 2015ರ ಕಾಗದವನ್ನು ಓನರ್ ಮುಂದೆ ಹಿಡಿದರೆ ಮನೆ ಸಿಗುವುದಿಲ್ಲ. ‘ಇವರು ಮುಂದೆ ಕೋರ್ಟು ಕಚೇರಿ ಅನ್ನೋರು’ ಎಂಬ ಹೆಸರು ಬರುತ್ತದೆ ಅಷ್ಟೆ.

ಬಾಡಿಗೆ ಕಾಯ್ದೆ ನಮ್ಮನ್ನು ಕಾಪಾಡುವುದಿಲ್ಲವೇ ಎಂದು ಕೇಳಬಹುದು. ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳಿಗೆ ಅನ್ವಯವಾಗುವುದೇ ಇಲ್ಲ. ಇವತ್ತು ಆ ದುಡ್ಡಿಗೆ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ಮೂರು ಬೆಡ್‌ರೂಮಿನ ಫ್ಲ್ಯಾಟಿನ ವ್ಯವಹಾರವೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕುವ ಕರಾರು ಪತ್ರ, ಇವೆರಡರ ಮೇಲೆ ನಡೆಯುತ್ತದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ ನಿಜ, ಆದರೆ ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯ ತನ್ನದಾಗಿ ಮಾಡಿಕೊಂಡ ಹೊರತು ಅದನ್ನು ಓನರ್‌ಗೆ ತೋರಿಸಿ ಪ್ರಯೋಜನವಿಲ್ಲ.

ಓನರುಗಳ ಹಿಂಜರಿಕೆಗೆ ಕಾರಣಗಳೂ ಒಂದೇ ಬಗೆಯವಲ್ಲ. ಕೆಲವರದ್ದು ಮಡಿ ಮೈಲಿಗೆಯ ಪ್ರಶ್ನೆ, ದೇವರ ಮನೆ ಇರುವ ಕಡೆ ನಾಯಿ ಓಡಾಡಬಾರದು. ಅವರ ಜೊತೆ ವಾದ ಬೇಡ, ಮುಂದಿನ ಮನೆ ನೋಡಿ. ಇನ್ನು ಕೆಲವರಿಗೆ ಹಿಂದಿನ ಬಾಡಿಗೆದಾರರ ಕಹಿ ಅನುಭವ ಇರುತ್ತದೆ: ತೇಗದ ಬಾಗಿಲಿನ ಕೆಳಗೆಲ್ಲ ಉಗುರಿನ ಗೀರು, ಎಷ್ಟು ತೊಳೆದರೂ ಹೋಗದ ವಾಸನೆ. ಇವರ ಭಯಕ್ಕೆ ಉತ್ತರ ಕೊಡಬಹುದು. ಮೂರನೆಯ ಬಗೆಯವರಿಗೆ ನಾಯಿಯ ಬಗ್ಗೆ ಏನೂ ಇಲ್ಲ, ಪಕ್ಕದ ಮನೆಯವರು ತನಗೆ ಫೋನ್ ಮಾಡಿ ತಲೆ ತಿನ್ನುತ್ತಾರೆ ಎನ್ನುವ ಚಿಂತೆ. ಇವರನ್ನು ಒಪ್ಪಿಸುವುದು ಎಲ್ಲಕ್ಕಿಂತ ಸುಲಭ. ಮಾತಿನ ಮೊದಲ ಎರಡು ನಿಮಿಷದಲ್ಲಿ ಎದುರಿಗಿರುವವರು ಯಾವ ಬಗೆ ಎಂದು ಗುರುತಿಸಿದರೆ ಇಬ್ಬರ ಸಮಯವೂ ಉಳಿಯುತ್ತದೆ.

ಇಲ್ಲಿ ಬ್ರೋಕರ್ ಒಂದು ಸಲಹೆ ಕೊಡುತ್ತಾನೆ: “ಸಾರ್, ನಾಯಿ ವಿಷಯ ಈಗ ಎತ್ಬೇಡಿ. ಅಡ್ವಾನ್ಸ್ ಕೊಟ್ಟು ಒಳಗೆ ಹೋಗ್ಬಿಡಿ, ಆಮೇಲೆ ಯಾರೂ ಏನೂ ಕೇಳಲ್ಲ.” ಅವನಿಗೆ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಬರುವುದು ನೀವು ಒಳಗೆ ಹೋದ ದಿನ, ಆಮೇಲಿನದ್ದು ಅವನ ತಲೆನೋವಲ್ಲ. ಕರಾರಿನಲ್ಲಿ ‘ಸಾಕುಪ್ರಾಣಿ ಇಡತಕ್ಕದ್ದಲ್ಲ’ ಎಂಬ ಸಾಲಿದ್ದೂ ನಾಯಿ ತಂದರೆ ಷರತ್ತು ಮುರಿದವರು ನೀವಾಗುತ್ತೀರಿ. ಸಾಲು ಇಲ್ಲದಿದ್ದರೆ ಷರತ್ತು ಮುರಿದಂತಲ್ಲ, ಆದರೆ ನೋಟಿಸ್ ಕೊಟ್ಟು ಖಾಲಿ ಮಾಡಿಸುವ ಹಕ್ಕು ಸಾಮಾನ್ಯವಾಗಿ ಕರಾರಿನಲ್ಲೇ ಓನರ್‌ಗೆ ಇರುತ್ತದೆ, ಹನ್ನೊಂದು ತಿಂಗಳು ಮುಗಿದಾಗ ಮುಂದುವರಿಸುವುದಿಲ್ಲ ಎನ್ನುವುದಂತೂ ಇನ್ನೂ ಸುಲಭ. ನಿಮ್ಮ ಎರಡು ಮೂರು ಲಕ್ಷ ಅಡ್ವಾನ್ಸ್ ಅವರ ಕೈಯಲ್ಲಿರುವಾಗ ಶಾಲೆಯ ನಡುವರ್ಷದಲ್ಲಿ ಮನೆ ಹುಡುಕುವ ಪಾಡು ಯಾರಿಗೂ ಬೇಡ. ನಾಯಿಗಳು ಬೀದಿಪಾಲಾಗುವುದಕ್ಕೆ ‘ಹೊಸ ಮನೆಯವರು ಒಪ್ಪಲಿಲ್ಲ’ ಎಂಬುದೂ ಒಂದು ಕಾರಣ. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ಯಾರು ಹೆದರುತ್ತಾರೆ?

ಎಲ್ಲಿ, ಯಾವಾಗ ಹುಡುಕುವುದು

ಆ್ಯಪ್‌ಗಳಲ್ಲಿ ‘ಪೆಟ್ಸ್ ಅಲೋಡ್’ ಎಂಬ ಗುರುತು ಇರುತ್ತದೆ, ಅದನ್ನು ಪೂರ್ತಿ ನಂಬಬೇಡಿ. ಎಷ್ಟೋ ಓನರುಗಳು ಫಾರ್ಮ್ ತುಂಬುವಾಗ ಆ ಪ್ರಶ್ನೆ ಬಿಟ್ಟಿರುತ್ತಾರೆ. ಗುರುತಿಲ್ಲದ ಮನೆಯವರು ಒಪ್ಪುವುದೂ ಉಂಟು, ಗುರುತಿರುವ ಮನೆಯವರು ‘ಮೀನು ಸಾಕಬಹುದು ಅಂತ ಹಾಕಿದ್ದೆ’ ಎನ್ನುವುದೂ ಉಂಟು. ಫೋನಿನ ಮೊದಲ ವಾಕ್ಯದಲ್ಲೇ ಹೇಳಿಬಿಡುವುದು ಮೇಲು.

ಮಲ್ಲೇಶ್ವರ, ಬಸವನಗುಡಿ, ಜಯನಗರದ ಕಡೆ ಬಾಡಿಗೆ ಅಂದರೆ ಬಹಳ ಸಲ ಒಂದು ಸೈಟಿನ ಮೇಲೆ ಎದ್ದ ಮೂರು ಅಂತಸ್ತಿನ ಮನೆ, ಕೆಳಗೋ ಮೇಲೋ ಓನರ್ ಸಂಸಾರ. ಸಂಘವೂ ಇಲ್ಲ, ಬೈಲಾವೂ ಇಲ್ಲ. ಎಲ್ಲವೂ ಒಬ್ಬರೇ, ಅದೂ ಒಂದೇ ಮೆಟ್ಟಿಲಲ್ಲಿ ಓಡಾಡುವವರು. ಅವರಿಗೆ ನಾಯಿ ಇಷ್ಟವಾದರೆ ನಿಮ್ಮಷ್ಟು ಅದೃಷ್ಟವಂತರಿಲ್ಲ, ಊರಿಗೆ ಹೋಗುವಾಗ ಬಿಟ್ಟು ಹೋಗಲು ಜಾಗವೂ ಆಯಿತು. ಇಷ್ಟವಿಲ್ಲದಿದ್ದರೆ ಒಪ್ಪಿಸುವ ಪ್ರಯತ್ನವೇ ಬೇಡ. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಕನಕಪುರ ರಸ್ತೆ, ಹೆಬ್ಬಾಳದಾಚೆಯ ದೊಡ್ಡ ಸಮುಚ್ಚಯಗಳಲ್ಲಿ ಲೆಕ್ಕ ಬೇರೆ. ಓನರ್ ಬೇರೆಡೆ, ಎಷ್ಟೋ ಸಲ ಬೇರೆ ದೇಶದಲ್ಲೇ ಇರುತ್ತಾರೆ. ಅವರ ಗಮನ ಬಾಡಿಗೆ ತಿಂಗಳಿಗೆ ಸರಿಯಾಗಿ ಬರುತ್ತದೆಯೇ ಎನ್ನುವುದರ ಮೇಲೆ. ನೂರಾರು ಫ್ಲ್ಯಾಟುಗಳಿರುವ ಕಡೆ ಆಗಲೇ ಹತ್ತಾರು ನಾಯಿಗಳಿರುವುದರಿಂದ ನಿಮ್ಮದು ಹನ್ನೊಂದನೆಯದು, ಮೊದಲನೆಯದಲ್ಲ. ಸಂಸಾರಕ್ಕೆ ನಾನು ಹೇಳುವುದು ಇಂಥ ಕಡೆಯೇ. ಇಪ್ಪತ್ತು ಮೂವತ್ತು ಫ್ಲ್ಯಾಟುಗಳ ಒಂಟಿ ಕಟ್ಟಡಗಳು ಇವೆರಡರ ನಡುವೆ ಸಿಕ್ಕಿಕೊಂಡಿರುತ್ತವೆ: ಸಂಘವೂ ಇದೆ, ಎಲ್ಲರಿಗೂ ಎಲ್ಲರ ಪರಿಚಯವೂ ಇದೆ, ಒಬ್ಬ ಕಾರ್ಯದರ್ಶಿಗೆ ನಾಯಿ ಕಂಡರೆ ಆಗದಿದ್ದರೆ ಅಲ್ಲಿಗೆ ಮುಗಿಯಿತು.

ಅಂದ ಹಾಗೆ, ಬಾಡಿಗೆ ತಿಂಗಳಿಗೆ 50,000 ರೂಪಾಯಿ ದಾಟಿದರೆ ಬಾಡಿಗೆದಾರರೇ ನೂರಕ್ಕೆ ಎರಡರಷ್ಟು ಟಿಡಿಎಸ್ (ಓನರ್ ಹೆಸರಿನಲ್ಲಿ ಕಟ್ಟುವ ಆದಾಯ ತೆರಿಗೆ) ಬಾಡಿಗೆಯಿಂದ ಮುರಿದು ಕಟ್ಟಬೇಕು. ಓನರ್ ಅನಿವಾಸಿಯಾಗಿದ್ದರೆ ದರವೇ ಬೇರೆ, ಬಹಳ ಹೆಚ್ಚು. ಮೂರು ಬೆಡ್‌ರೂಮಿನ ಫ್ಲ್ಯಾಟುಗಳಲ್ಲಿ ಈ ಗೆರೆ ದಾಟುವುದು ಈಗ ಸಾಮಾನ್ಯ, ಆದ್ದರಿಂದ ಕರಾರಿಗೆ ಮುಂಚೆ ಒಬ್ಬ ಲೆಕ್ಕಪರಿಶೋಧಕರನ್ನು ಕೇಳಿಬಿಡಿ.

ಕಾಲದ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆ ಬದಲಾಯಿಸುವ ಸಂಸಾರಗಳೆಲ್ಲ ಒಮ್ಮೆಗೇ ಹೊರಡುತ್ತವೆ, ದೊಡ್ಡ ಮನೆಗಳಿಗೆ ಪೈಪೋಟಿ. ಒಂದು ಮನೆಗೆ ಐದು ಸಂಸಾರ ಕಾದಿರುವಾಗ ಓನರ್ ನಾಯಿ ಇರುವವರನ್ನು ಯಾಕೆ ಆರಿಸಿಯಾರು? ಅದೇ ಆಷಾಢ ಬಂತೆನ್ನಿ, ಯಾರೂ ಹಾಲು ಉಕ್ಕಿಸುವುದಿಲ್ಲ. ಜೇಷ್ಠದಲ್ಲಿ ಖಾಲಿಯಾದ ಮನೆ ಶ್ರಾವಣದವರೆಗೆ ಬೀಗ ಹಾಕಿಕೊಂಡೇ ಇರುತ್ತದೆ, ಓನರ್‌ಗೆ ಒಂದು ತಿಂಗಳ ಬಾಡಿಗೆ ನಷ್ಟ, ಮೆಂಟೆನೆನ್ಸ್ ಕೈಯಿಂದ. ಧನುರ್ಮಾಸದಲ್ಲೂ ಹೀಗೆಯೇ. ನಿಮಗೆ ಮುಹೂರ್ತದ ಹಂಗಿಲ್ಲದಿದ್ದರೆ, ಅಥವಾ ‘ಕರಾರು ಈಗ ಮಾಡಿಕೊಂಡು ಬಾಡಿಗೆ ಕೊಡುತ್ತೇವೆ, ಹಾಲು ಶ್ರಾವಣದಲ್ಲಿ ಉಕ್ಕಿಸುತ್ತೇವೆ’ ಎನ್ನುವಷ್ಟು ಅನುಕೂಲವಿದ್ದರೆ, ವರ್ಷದಲ್ಲಿ ಓನರ್ ಅತ್ಯಂತ ಮೆತ್ತಗಿರುವ ಕಾಲ ಇದು.

ಮನೆ ನೋಡಲು ಹೋದಾಗ

ಮೊದಲು ಅಳತೆ. ಜಾಹೀರಾತಿನಲ್ಲಿ 1,500 ಚದರಡಿ ಎಂದರೆ ಅದು ಸೂಪರ್ ಬಿಲ್ಟಪ್, ಅಂದರೆ ಮೆಟ್ಟಿಲು, ಲಾಬಿ, ಲಿಫ್ಟಿನ ಪಾಲೂ ಸೇರಿದ ಲೆಕ್ಕ. ನಿಮ್ಮ ಕಾಲಿಗೆ ಸಿಗುವ ಕಾರ್ಪೆಟ್ ಏರಿಯಾ ಅದರಲ್ಲಿ ಕಾಲು ಭಾಗವೋ ಇನ್ನೂ ತುಸು ಹೆಚ್ಚೋ ಕಡಿಮೆ, ಸುಮಾರು 1,050ರಿಂದ 1,125. ಐದು ಜನರ ಜೊತೆ ಮೂವತ್ತು ಕೆಜಿಯ ನಾಯಿ ಮಲಗುವ ಜಾಗ ಯಾವುದು ಎಂದು ಅಲ್ಲೇ ನಿಂತು ಯೋಚಿಸಿ. ಯುಟಿಲಿಟಿ, ಅಂದರೆ ಪಾತ್ರೆ ಬಟ್ಟೆ ತೊಳೆಯುವ ಜಾಗ, ಸ್ವಲ್ಪ ದೊಡ್ಡದಾಗಿ, ನೀರು ಹೋಗುವ ಇಳಿಜಾರು ಸರಿಯಾಗಿದ್ದರೆ ನಾಯಿಗೆ ಸ್ನಾನ ಮಾಡಿಸಲು, ಬೆಕ್ಕು ಮಲಮೂತ್ರ ಮಾಡಲು ಮಣ್ಣು ತುಂಬಿದ ತಟ್ಟೆ ಇಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆಮೇಲೆ ನೆಲ, ಇದನ್ನು ಯಾರೂ ನೋಡುವುದಿಲ್ಲ. ಮಾಸ್ಟರ್ ಬೆಡ್‌ರೂಮಿಗೆ ಮರದ ಲ್ಯಾಮಿನೇಟ್ ಹಾಕಿಸಿರುವ ಫ್ಲ್ಯಾಟುಗಳು ನೋಡಲು ಚೆಂದ. ಆದರೆ ನಾಯಿ ಅದರ ಮೇಲೆ ಎರಡು ಸಲ ಮೂತ್ರ ಮಾಡಿ, ಅದು ಹಲಗೆಗಳ ಸಂದಿಗೆ ಇಳಿಯಿತೆಂದರೆ ಅಂಚು ಉಬ್ಬಿ ಮೇಲೇಳುತ್ತದೆ. ಒರೆಸಿದರೆ ಕೂರುವುದಿಲ್ಲ, ಹಲಗೆಯನ್ನೇ ಬದಲಿಸಬೇಕು, ಅದೇ ಬಣ್ಣದ್ದು ಆ ಹೊತ್ತಿಗೆ ಅಂಗಡಿಯಲ್ಲಿ ಇರುವುದಿಲ್ಲ. ಅಮೃತಶಿಲೆ ಆಮ್ಲಕ್ಕೆ ಮಂಕಾಗುತ್ತದೆ, ಕಲೆ ಹಿಡಿಯುತ್ತದೆ. ವಿಟ್ರಿಫೈಡ್ ಟೈಲ್ಸ್‌ಗೆ ಇದ್ಯಾವುದರ ಕಾಟವಿಲ್ಲ, ಆದರೆ ಅದು ಜಾರುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ಸೊಂಟದ ತೊಂದರೆಗೆ ಈಡಾಗುವ ತಳಿಗಳು ವಯಸ್ಸಾದ ಮೇಲೆ ಅದರ ಮೇಲೆ ಏಳಲು ಒದ್ದಾಡುತ್ತವೆ. ಅದಕ್ಕೆ ಓಡಾಡುವ ದಾರಿಗೆ ಜಮಖಾನೆಯೋ ರಬ್ಬರ್ ಚಾಪೆಯೋ ಹಾಸಿದರೆ ಸಾಕು. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಸಿಕ್ಕರೆ ಬಿಡಬೇಡಿ, ಬೇಸಿಗೆಯಲ್ಲಿ ನಾಯಿ ಹೊಟ್ಟೆ ಹಾಸಿ ಮಲಗಲು ಅದರಷ್ಟು ತಂಪು ಇನ್ನೊಂದಿಲ್ಲ.

ಬಾಗಿಲ ಚೌಕಟ್ಟಿನ ಕೆಳಭಾಗ, ನೆಲದಿಂದ ಎರಡು ಅಡಿವರೆಗೆ, ಮೊಣಕಾಲೂರಿ ಕೂತು ನೋಡಿ. ಹಳೆಯ ಗೀರುಗಳಿದ್ದರೆ ಎರಡು ವಿಷಯ ತಿಳಿಯಿತು: ಇಲ್ಲಿ ಮುಂಚೆ ನಾಯಿ ಇತ್ತು, ಅಂದರೆ ಓನರ್ ಒಮ್ಮೆ ಒಪ್ಪಿದ್ದಾರೆ, ಮತ್ತು ಆ ಗೀರುಗಳ ಫೋಟೋ ಈಗಲೇ ತೆಗೆಯದಿದ್ದರೆ ಮುಂದೆ ಅವು ನಿಮ್ಮ ಲೆಕ್ಕಕ್ಕೆ ಬರುತ್ತವೆ.

ಬೆಕ್ಕು ಇರುವವರಿಗೆ ಓನರ್ ಕಾಟ ಕಡಿಮೆ, ಬಾಲ್ಕನಿಯ ಕಾಟ ಹೆಚ್ಚು. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಎನ್ನುವ ಮಾತನ್ನು ಪಶುವೈದ್ಯರ ಮುಂದೆ ಹೇಳಬೇಡಿ. ಮುರಿದ ದವಡೆ, ಒಡೆದ ಎದೆಗೂಡಿನ ಬೆಕ್ಕುಗಳನ್ನು ಅವರು ನೋಡಿರುತ್ತಾರೆ. ಪಾರಿವಾಳದ ಬಲೆ ಹಾಕಿಸಬಹುದೇ ಎಂದು ಓನರನ್ನೂ, ಹೊರನೋಟ ಕೆಡುತ್ತದೆಂದು ಸಂಘ ತಕರಾರು ಮಾಡುತ್ತದೆಯೇ ಎಂದು ಕಚೇರಿಯನ್ನೂ ಕೇಳಿ. ಚಿಕ್ಕ ಮಕ್ಕಳಿದ್ದರೆ ಆ ಬಲೆ ಹೇಗೂ ಬೇಕು, ಮಕ್ಕಳ ಹೆಸರಿನಲ್ಲೇ ಕೇಳಿದರೆ ಬೇಗ ಒಪ್ಪುತ್ತಾರೆ. ಪಂಜರದ ಗಿಳಿ ಇದ್ದರೆ ಸಂಗತಿ ಬೇರೆ: ನಮ್ಮ ಕಾಡಿನ ಗಿಳಿಗಳನ್ನು ಸಾಕುವುದೇ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ನಕ್ಷತ್ರ ಆಮೆಯೂ ಹಾಗೇ. ಅದಕ್ಕೆ ಯಾವ ಓನರ್ ಒಪ್ಪಿದರೂ ಲೆಕ್ಕಕ್ಕಿಲ್ಲ.

ಸಾಧ್ಯವಾದರೆ ಬೆಳಿಗ್ಗೆ ಏಳೂವರೆಗೆ ಹೋಗಿ ಮನೆ ನೋಡಿ. ಶಾಲೆ ಬಸ್ಸಿನ ಹೊತ್ತು ಅದು. ಲಿಫ್ಟ್ ತುಂಬ ಯೂನಿಫಾರ್ಮಿನ ಮಕ್ಕಳು, ಬ್ಯಾಗು, ಟಿಫಿನ್ ಕ್ಯಾರಿಯರ್. ಪ್ರತಿ ಅಂತಸ್ತಿನಲ್ಲೂ ಬಾಗಿಲು ತೆರೆದು ಮುಚ್ಚುತ್ತದೆ. ಹದಿನಾಲ್ಕನೆಯ ಮಹಡಿಯಿಂದ ತಡೆದುಕೊಂಡು ಬರುವ ನಾಯಿಯ ಸ್ಥಿತಿ, ಅದನ್ನು ಕಂಡು ಅಮ್ಮನ ಹಿಂದೆ ಅವಿತುಕೊಳ್ಳುವ ಮಗುವಿನ ಸ್ಥಿತಿ, ಎರಡನ್ನೂ ಕಣ್ಣಾರೆ ನೋಡಿದರೆ ಮೂರನೆಯ ಮಹಡಿಯ ಮನೆಗೆ ತುಸು ಹೆಚ್ಚು ಬಾಡಿಗೆ ಕೊಡುವ ಮನಸ್ಸು ಬರುತ್ತದೆ. ನೆಲಮಹಡಿ ಇನ್ನೂ ಅನುಕೂಲ, ಆದರೆ ಬೀದಿನಾಯಿಗಳು ಕಾಂಪೌಂಡಿನಾಚೆ ಸೇರುವ ಕಡೆಯಾದರೆ ನಿಮ್ಮದು ರಾತ್ರಿಯಿಡೀ ಉತ್ತರ ಕೊಡುತ್ತಾ ಕೂರುತ್ತದೆ.

ಹೊರಡುವಾಗ ಗೇಟಿನ ಸೆಕ್ಯೂರಿಟಿಯವರನ್ನು ಮಾತಾಡಿಸಿ. “ಅಣ್ಣಾ, ಇಲ್ಲಿ ಎಷ್ಟು ನಾಯಿ ಇವೆ? ಗಲಾಟೆ ಏನಾದ್ರೂ ಆಗುತ್ತಾ?” ಎಂದು ಕೇಳಿದರೆ ಸಂಘದ ಅಧ್ಯಕ್ಷರು ಬಾಯಿ ಬಿಡದ ಸುದ್ದಿ ಅಲ್ಲಿ ಸಿಗುತ್ತದೆ: ಯಾವ ಬ್ಲಾಕಿನಲ್ಲಿ ದೂರು ಹೆಚ್ಚು, ಯಾರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೋ ಹಾಕುತ್ತಾರೆ, ಹಿಂದಿನವರು ಯಾಕೆ ಬಿಟ್ಟು ಹೋದರು, ಎಲ್ಲ.

ಮಾತು, ಆಮೇಲೆ ಬರಹ

ಓನರ್ ಎರಡನೆಯ ಬಗೆಯವರಾಗಿದ್ದರೆ, ಅಂದರೆ ಹಾಳಾಗುವ ಭಯ ಇರುವವರಾಗಿದ್ದರೆ, ‘ನಮ್ಮ ನಾಯಿ ಏನೂ ಮಾಡಲ್ಲ ಸಾರ್’ ಎನ್ನುವ ಮಾತಿಗೆ ಬೆಲೆಯಿಲ್ಲ, ಎಲ್ಲರೂ ಅದನ್ನೇ ಹೇಳಿರುತ್ತಾರೆ. ಲಸಿಕೆಯ ಪುಸ್ತಕ ತೋರಿಸಿ. ರೇಬೀಸ್ ಚುಚ್ಚುಮದ್ದು ವರ್ಷ ವರ್ಷ ಹಾಕಿಸಿದ ಮುದ್ರೆ ಇರುವ ಆ ಪುಟ್ಟ ಪುಸ್ತಕ, ಪಾಲಿಕೆಯ ಪರವಾನಗಿ, ಸಂತಾನಹರಣ ಆಗಿದ್ದರೆ ಅದರ ಚೀಟಿ. ಈಗಿರುವ ಮನೆಯ ಓನರ್ ನಂಬರ್ ಕೊಟ್ಟು ‘ಕೇಳಿ ನೋಡಿ’ ಎನ್ನಿ. ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಒಂದು ಭಾನುವಾರ ಸಂಜೆ ನಾಯಿಯನ್ನು ಚೆನ್ನಾಗಿ ಓಡಾಡಿಸಿ ಸುಸ್ತು ಮಾಡಿ ಅವರ ಮುಂದೆ ಕರೆತನ್ನಿ. ಸುಸ್ತಾದ ಲ್ಯಾಬ್ರಡಾರ್‌ನಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಇದನ್ನು ಮೋಸ ಎನ್ನುವವರು ಹೆಣ್ಣು ನೋಡುವ ಶಾಸ್ತ್ರಕ್ಕೆ ಎಂದೂ ಹೋಗಿಲ್ಲ ಎಂದೇ ಅರ್ಥ.

ದುಡ್ಡಿನ ಮಾತಿಗೆ ಬಂದರೆ, ಹತ್ತು ತಿಂಗಳ ಅಡ್ವಾನ್ಸ್ ಎಂಬ ಬೆಂಗಳೂರಿನ ಹಳೆಯ ರೂಢಿ ಸಡಿಲವಾಗಿ ಈಗ ಐದಾರು ತಿಂಗಳಿಗೆ ಒಪ್ಪುವವರು ಬಹಳ ಇದ್ದಾರೆ. ನಾಯಿ ಇದೆಯೆಂದು ಅಡ್ವಾನ್ಸ್ ಏರಿಸಲು ಕೇಳಿದರೆ ಒಪ್ಪಬೇಡಿ. ದುಡ್ಡು ಸುಮ್ಮನೆ ಸಿಕ್ಕಿಬೀಳುತ್ತದೆ, ಓನರ್ ಭಯಕ್ಕೂ ಅದು ನೇರ ಉತ್ತರವಲ್ಲ. ಬದಲಿಗೆ, ಬಿಟ್ಟು ಹೋಗುವಾಗ ಮನೆಯನ್ನು ಪೂರ್ತಿ ಡೀಪ್ ಕ್ಲೀನಿಂಗ್ ಮಾಡಿಸಿ ಬಿಲ್ ಕೊಡುತ್ತೇವೆ ಎನ್ನಿ. ವಾಸನೆ, ಕೂದಲು ಎನ್ನುವ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ. ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿ ಹೇಗೂ ರೂಢಿ. ಅದರ ಮೇಲೆ ‘ನಾಯಿ ಪೇಂಟಿಂಗ್’ ಎಂದು ಇನ್ನೊಂದು ಬರದಂತೆ ಈಗಲೇ ಮಾತಾಡಿಕೊಳ್ಳಿ.

ಇಷ್ಟು ಆದ ಮೇಲೆ ಬರಹ. ಕರಾರು ಹನ್ನೊಂದು ತಿಂಗಳಿಗೆ ಯಾಕೆ ಅಂದರೆ, ಒಂದು ವರ್ಷ ಮೀರಿದ್ದನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅಂಗಡಿಯವರು ಛಾಪಾ ಕಾಗದದ ಮೇಲೆ ಸಿದ್ಧ ನಮೂನೆ ಪ್ರಿಂಟ್ ಮಾಡಿ ಕೊಡುತ್ತಾರೆ. ಆ ನಮೂನೆಯ ಒಳಗೆಲ್ಲೋ ಹತ್ತನೆಯದೋ ಹನ್ನೆರಡನೆಯದೋ ಕಲಮಿನಲ್ಲಿ ಸಾಕುಪ್ರಾಣಿ ಬೇಡ ಎಂಬ ಸಾಲು ಮೊದಲಿಂದಲೇ ಇರುವುದುಂಟು, ಓನರ್‌ಗೂ ಅದು ಗೊತ್ತಿರುವುದಿಲ್ಲ. ಅದನ್ನು ತೆಗೆಸಿ, ಆ ಜಾಗದಲ್ಲಿ ಹೀಗೆ ಬರೆಸಬಹುದು:

“ಬಾಡಿಗೆದಾರರು ನಾಲ್ಕು ವರ್ಷದ ಒಂದು ಹೆಣ್ಣು ಲ್ಯಾಬ್ರಡಾರ್ ನಾಯಿಯನ್ನು ಸದರಿ ಮನೆಯಲ್ಲಿ ಇಟ್ಟುಕೊಳ್ಳಲು ಮಾಲೀಕರು ಒಪ್ಪಿರುತ್ತಾರೆ. ನಾಯಿ ಇರುವುದೊಂದೇ ಕಾರಣಕ್ಕೆ ಕರಾರಿನ ಅವಧಿಯೊಳಗೆ ಮನೆ ತೆರವು ಮಾಡಲು ಹೇಳತಕ್ಕದ್ದಲ್ಲ. ನಾಯಿಯಿಂದ ಆದ ಹಾನಿಯ ರಿಪೇರಿಗೆ ತಗುಲಿದ ನಿಜವಾದ ಖರ್ಚನ್ನು ಬಿಲ್ಲಿನ ಆಧಾರದ ಮೇಲೆ ಮುಂಗಡದಿಂದ ಮುರಿದುಕೊಳ್ಳಬಹುದು. ಬಳಕೆಯಿಂದಾದ ಸಹಜ ಸವೆತಕ್ಕೆ ಇದು ಅನ್ವಯಿಸುವುದಿಲ್ಲ. ತೆರವು ಮಾಡುವಾಗ ಮನೆ ಶುಚಿಗೊಳಿಸುವ ವೆಚ್ಚ ಬಾಡಿಗೆದಾರರದ್ದು.”

ಎರಡನೆಯ ವಾಕ್ಯವನ್ನು ಓನರುಗಳು ಕೆಲವೊಮ್ಮೆ ತೆಗೆಸಲು ನೋಡುತ್ತಾರೆ. ಬಿಡಬೇಡಿ; ಪಕ್ಕದ ಮನೆಯವರು ಒತ್ತಡ ಹಾಕಿದ ದಿನ ನಿಮ್ಮ ಕೈಯಲ್ಲಿರುವುದು ಅದೊಂದೇ. ಬೇಕಿದ್ದರೆ ‘ಕಚ್ಚಿದ ಪ್ರಕರಣ ಬಿಟ್ಟು’ ಎಂದು ಸೇರಿಸಿಕೊಳ್ಳಲಿ, ಅದು ನ್ಯಾಯವೇ. ಸಹಜ ಸವೆತದ ಮಾತು ನಿಮ್ಮ ಕಲ್ಪನೆಯದ್ದಲ್ಲ, 1882ರ ಕಾಯ್ದೆಯಲ್ಲೇ ಇದೆ: ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲಿ ಹಿಂದಿರುಗಿಸಬೇಕು, ಸಹಜ ಸವೆತ ಬಿಟ್ಟು. ಯಾವುದು ಸವೆತ, ಯಾವುದು ಹಾನಿ ಎಂದು ಜಗಳವಾಗದಿರಲು ಬೀಗದ ಕೈ ಪಡೆದ ದಿನವೇ ಮನೆಯೆಲ್ಲ ವಿಡಿಯೋ ಮಾಡಿ, ಓನರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ತಾರೀಖು ತಾನಾಗಿ ದಾಖಲಾಗುತ್ತದೆ.

ಸಂಘಕ್ಕೂ ಒಂದು ಕಾಗದ ಕೊಡಿ: ಇಂಥ ಫ್ಲ್ಯಾಟಿಗೆ ಬಂದಿದ್ದೇವೆ, ಇಂಥ ನಾಯಿ ಇದೆ, ಲಸಿಕೆಯ ಪ್ರತಿ ಲಗತ್ತಿಸಿದೆ, ಓನರ್ ಒಪ್ಪಿಗೆ ಇದೆ. ಅನುಮತಿ ಕೇಳಬೇಡಿ, ತಿಳಿಸಿ. ಪಕ್ಕದ ಎರಡು ಮನೆಗಳಿಗೆ ಮೊದಲ ವಾರದಲ್ಲೇ ಹೋಗಿ ಪರಿಚಯ ಮಾಡಿಕೊಂಡು, ಬೊಗಳಿ ತೊಂದರೆಯಾದರೆ ಗುಂಪಿನಲ್ಲಿ ಹಾಕುವ ಮೊದಲು ತಮಗೇ ಫೋನ್ ಮಾಡಿ ಎಂದು ನಂಬರ್ ಕೊಡಿ. ಲಿಫ್ಟಿನಲ್ಲಿ ಯಾರಾದರೂ ಹೆದರಿದರೆ ಮುಂದಿನ ಲಿಫ್ಟಿಗೆ ನಿಲ್ಲಿ, ಹಕ್ಕಿದ್ದರೂ.

ಹನ್ನೊಂದು ತಿಂಗಳಾದ ಮೇಲೆ ಕರಾರು ಮತ್ತೆ ಬರೆಸುವಾ‌ಗ ಬಾಡಿಗೆ ಏರಿಕೆಯ ಚೌಕಾಸಿಯಲ್ಲಿ ಮುಳುಗಿ ನಾಯಿಯ ಕಲಮನ್ನು ಮರೆಯುವವರು ಬಹಳ. ಅಂಗಡಿಯವರು ಮತ್ತೆ ತಮ್ಮ ಹಳೆಯ ನಮೂನೆಯನ್ನೇ ತೆಗೆದಿರುತ್ತಾರೆ. ಹೊಸ ಪ್ರತಿಯಲ್ಲಿ ಆ ಐದು ಸಾಲು ಹಾಗೇ ಬಂದಿವೆಯೇ ನೋಡಿ ಸಹಿ ಹಾಕಿ. ನಡುವೆ ಎರಡನೆಯ ನಾಯಿಯೋ, ಮಗಳು ರಸ್ತೆಯಿಂದ ಎತ್ತಿಕೊಂಡು ಬಂದ ಬೆಕ್ಕಿನ ಮರಿಯೋ ಮನೆ ಸೇರಿದ್ದರೆ ಅದರ ಹೆಸರೂ ಅದರಲ್ಲಿ ಬರಲಿ.